ಆಟದ ಅಂಗಳಕ್ಕೂ ಒಂದೇ ತಕ್ಕಡಿ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಪರರ ವಸ್ತುವನ್ನು ಕದಿಯದಿದ್ದರೆ ಈ ವ್ರತ ಪೂರ್ಣವಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಕೊಡುವಾಗ ಕಿರಿದು ಕೊಳ್ಳುವಾಗ ಹಿರಿದು ಎಂಬಂತೆ ಅಳತೆ ಬದಲಿಸುವುದು, ಅಸಲಿನಲ್ಲಿ ನಕಲಿಯನ್ನು ಬೆರೆಸುವುದು. ನಾಲ್ಕನೆಯದರ ಹೆಸರು ಹೀನಾಧಿಕಮಾನೋನ್ಮಾನ. ಅಂಗಡಿಯಲ್ಲಿ ಕುಳಿತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ತಕ್ಕಡಿ ಇಟ್ಟುಕೊಂಡವನು ಕನ್ನ ಕೊರೆಯದೆಯೇ ಕಳ್ಳನಾಗುತ್ತಾನೆ.

ಈ ಮಾತು ಸಂತೆಪೇಟೆಗೆ ಮಾತ್ರ ಸಲ್ಲುವುದಲ್ಲ. ಇಂದಿನ ಆಟದ ಅಂಗಳಕ್ಕೂ ಸಲ್ಲುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರೂ ಮಹಿಳೆಯರೂ ಅಂತಿಮ ಪಂದ್ಯದಲ್ಲಿ ನೇಪಾಳವನ್ನು ಸೋಲಿಸಿ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಇಬ್ಬರಿದ್ದರು: ಎಂ.ಕೆ. ಗೌತಮ್ ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ನಮ್ಮ ಸರ್ಕಾರ ಇವರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಅದೇ ತಂಡಗಳಲ್ಲಿ ಆಡಿದ ತನ್ನ ಆಟಗಾರರಿಗೆ ಮಹಾರಾಷ್ಟ್ರವು ತಲಾ 2.25 ಕೋಟಿ ರೂಪಾಯಿಯನ್ನೂ ಸರ್ಕಾರಿ ನೌಕರಿಯನ್ನೂ ಘೋಷಿಸಿತ್ತು. ಗೌತಮ್ ಮತ್ತು ಚೈತ್ರಾ ನಮ್ಮ ಸರ್ಕಾರದ ಮೊತ್ತವನ್ನು ಗೌರವಪೂರ್ವಕವಾಗಿ ನಿರಾಕರಿಸಿದರು.

ಐದು ಲಕ್ಷವೇನು ಸಣ್ಣ ಮೊತ್ತವೇ, ಇದು ಆಸೆಯಲ್ಲವೇ ಎಂದು ಕೇಳುವವರಿದ್ದಾರೆ. ಅಪರಿಗ್ರಹವನ್ನು ಸಾರುವ ಧರ್ಮದ ಅನುಯಾಯಿಗಳಾದ ನಾವು ಆ ಮಾತಿಗೆ ತಲೆದೂಗುವುದು ಸುಲಭ. ಒಂದೊಂದು ರಾಜ್ಯದ ಬೊಕ್ಕಸ ಒಂದೊಂದು ಬಗೆ ಎಂಬುದೂ ನಿಜ. ಆದರೂ ತಲೆದೂಗುವ ಮುನ್ನ ನಮ್ಮದೇ ಪುರಾಣವನ್ನು ಒಮ್ಮೆ ನೆನೆಯಬೇಕು.

ಆ ಪುರಾಣ ನಮ್ಮ ನೆಲಕ್ಕೆ ದೂರದ್ದಲ್ಲ. ಜಿನಸೇನಾಚಾರ್ಯರು ಆರಂಭಿಸಿದ ಮಹಾಪುರಾಣವನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ಶಕ ವರ್ಷ 820ರಲ್ಲಿ, ಲೋಕಾದಿತ್ಯನು ಆಳುತ್ತಿದ್ದಾಗ, ಬಂಕಾಪುರದಲ್ಲಿ ಆ ಪುರಾಣಕ್ಕೆ ಪೂಜೆ ಸಂದಿತೆಂದು ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ. ಇಂದು ಶಿಗ್ಗಾವಿ ತಾಲ್ಲೂಕಿಗೆ ಸೇರಿದ, ನವಿಲುಗಳು ಕುಣಿಯುವ ಕೋಟೆಯ ಬಂಕಾಪುರವೇ ಅದು.

ಭರತ ಬಾಹುಬಲಿಯರ ಸ್ಪರ್ಧೆಯ ಕಥೆ ಅಲ್ಲಿದೆ. ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ಮಂತ್ರಿಗಳು ನಿಯಮ ಕಟ್ಟಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಇಬ್ಬರಿಗೂ ಒಂದೇ ಕಣ, ಒಂದೇ ಕಟ್ಟಳೆ. ಮೂರರಲ್ಲಿಯೂ ಬಾಹುಬಲಿ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿಯೂ, ಹಿರಿಯನೆಂಬ ಗೌರವದಿಂದ ನೆಲಕ್ಕೆ ಅಪ್ಪಳಿಸಲಿಲ್ಲ. ಸೋಲಿನ ಅವಮಾನವನ್ನು ತಾಳಲಾರದ ಭರತನು ನಿಯಮ ಮರೆತು ಚಕ್ರವನ್ನು ಪ್ರಯೋಗಿಸಿದನು. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಬಾಹುಬಲಿ ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಾಹುಬಲಿ ಬಿಟ್ಟದ್ದು ತನಗೆ ಸಂದಿದ್ದನ್ನು. ಗೆಲುವು ಮೊದಲು ಅವನದಾಯಿತು, ತ್ಯಾಗ ಅನಂತರ ಬಂತು. ಸಲ್ಲಬೇಕಾದುದನ್ನೇ ಸಲ್ಲಿಸದೆ ನೀನು ತ್ಯಾಗಿಯಾಗು ಎಂದು ಇನ್ನೊಬ್ಬನಿಗೆ ಹೇಳುವುದು ಧರ್ಮೋಪದೇಶವಾಗದು. ಅಪರಿಗ್ರಹವು ಉಳ್ಳವನು ತನ್ನ ಮೇಲೆ ತಾನೇ ಹಾಕಿಕೊಳ್ಳುವ ಮಿತಿ. ದುಡಿದವನ ಪಾಲನ್ನು ಕಡಿಮೆ ಮಾಡಲು ಅದನ್ನು ಬಳಸಿದರೆ, ಐದನೆಯ ವ್ರತದ ಹೆಸರಿನಲ್ಲಿ ಮೂರನೆಯ ವ್ರತವನ್ನು ಮುರಿದಂತಾಗುತ್ತದೆ.

ಲೋಕವೆಲ್ಲ ಈ ತಕ್ಕಡಿಯನ್ನು ನಿಧಾನವಾಗಿ ಸರಿಪಡಿಸಿಕೊಳ್ಳುತ್ತಿದೆ. ಅಮೆರಿಕದ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಆಟದಿಂದ ದಶಕಗಳ ಕಾಲ ಅಪಾರ ಹಣ ಗಳಿಸಿದವು. ಆಡಿದವರಿಗೆ ವಿದ್ಯಾರ್ಥಿವೇತನವಷ್ಟೇ ಸಿಗುತ್ತಿತ್ತು. ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವ ದಾರಿ 2025ರಲ್ಲಿ ನ್ಯಾಯಾಲಯದ ಮೂಲಕ ತೆರೆಯಿತು. ನಮ್ಮಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯು 2022ರ ಅಕ್ಟೋಬರ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯಶುಲ್ಕವನ್ನು ಪ್ರಕಟಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಆ ವೇಳೆಗೆ ವಾರ್ಷಿಕ ಒಪ್ಪಂದದಲ್ಲಿ ಪುರುಷರ ಮೇಲಿನ ಶ್ರೇಣಿಗೆ 7 ಕೋಟಿ, ಮಹಿಳೆಯರ ಮೇಲಿನ ಶ್ರೇಣಿಗೆ 50 ಲಕ್ಷ ಇತ್ತು. ಒಂದು ತಟ್ಟೆ ಸಮವಾಯಿತು, ಇನ್ನೊಂದು ಉಳಿಯಿತು.

ಹಾಗೆಂದು ಆಟಗಾರನಿಗೆ ಹೊಣೆ ಇಲ್ಲವೆಂದಲ್ಲ. ಹಣ ಹೆಚ್ಚಿದ ಕಡೆ ಭರತನ ಚಕ್ರವೂ ಕೈಗೆ ಬರುತ್ತದೆ. ವಯಸ್ಸಿನ ಸುಳ್ಳು ದಾಖಲೆ, ಶಕ್ತಿವರ್ಧಕ ಮದ್ದು, ಬಾಜಿಗಾಗಿ ಆಟ ಬಿಟ್ಟುಕೊಡುವುದು, ಇವೆಲ್ಲ ಅಸಲಿಗೆ ನಕಲಿ ಬೆರೆಸುವ ಐದನೆಯ ಅತಿಚಾರವೇ. ಮದ್ದು ಕೊಟ್ಟು ಓಡಿಸುವ ತರಬೇತುದಾರನಿಗೆ ಮೊದಲನೆಯದು, ಅಂಥ ಪದಕವನ್ನು ಮೆರೆಸುವ ಸಂಸ್ಥೆಗೆ ಎರಡನೆಯದು ಅಂಟುತ್ತದೆ.

ನಮ್ಮ ಭಾಗದ ಜಾತ್ರೆಯ ಕುಸ್ತಿಯಲ್ಲಿ ಒಂದು ಒಳ್ಳೆಯ ರೂಢಿ ಇದೆ. ಬೆಳ್ಳಿ ಕಡಗ ಎಷ್ಟು ತೂಗುತ್ತದೆಂದು ನೋಡುವ ಮೊದಲು ಹಿರಿಯರು ಜೋಡಿ ನೋಡುತ್ತಾರೆ. ತೂಕ, ವಯಸ್ಸು, ಕಸುವು ಹೊಂದಿದರೆ ಮಾತ್ರ ಕುಸ್ತಿ ಹಿಡಿಸುತ್ತಾರೆ. ಕಾಲೇಜು ಕ್ರೀಡೆಯಲ್ಲಿ ಈ ಜೋಡಿ ನೋಡುವವರು ಯಾರು? ಹಿರೇಕೆರೂರಿನ ಹಳ್ಳಿಯ ಹುಡುಗಿ ಶಾಲೆಯ ಮಣ್ಣಿನ ಅಂಗಳದಲ್ಲಿ ಬರಿಗಾಲಿನಲ್ಲಿ ಅಭ್ಯಾಸ ಮಾಡಿ, ನಗರದ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆಳೆದವಳ ಪಕ್ಕದಲ್ಲಿ ನಿಲ್ಲುತ್ತಾಳೆ. ಗೆರೆ ಒಂದೇ, ಸೀಟಿ ಒಂದೇ. ಆದರೆ ಅವರ ಓಟ ಆರಂಭವಾದದ್ದು ಒಂದೇ ಗೆರೆಯಿಂದಲ್ಲ. ಗೆದ್ದ ಮೇಲೆ ಕೋಟಿ ಕೊಡುವುದು ಸರ್ಕಾರಕ್ಕೆ ಸೇರಿದ್ದು. ಗೆಲ್ಲುವ ಮೊದಲು ಬೂಟು, ಬಸ್ಸಿನ ಖರ್ಚು, ಹೊಟ್ಟೆ ತುಂಬ ಊಟ ಕೊಡುವುದು ನಮ್ಮ ಕೈಯಲ್ಲಿಯೇ ಇದೆ.

ದಾನಗಳು ನಾಲ್ಕೆಂದು ಆಚಾರ್ಯರು ಹೇಳಿದ್ದಾರೆ. ಅಭ್ಯಾಸ ಮುಗಿಸಿ ಬಂದ ಮಗುವಿಗೆ ಹಾಲು, ಶೇಂಗಾ, ಬೆಲ್ಲ ಕೊಟ್ಟರೆ ಅದು ಆಹಾರದಾನ. ಮೊಣಕಾಲು ಉಳುಕಿದವರ ಚಿಕಿತ್ಸೆಗೆ ನೆರವಾದರೆ ಔಷಧದಾನ. ತರಬೇತಿಗೂ ಓದಿಗೂ ಆಸರೆಯಾದರೆ ಜ್ಞಾನದಾನ. ಮಗಳು ನಿರ್ಭಯವಾಗಿ ಅಂಗಳಕ್ಕೆ ಹೋಗಿ ಬರುವಂತೆ, ಗಾಯವಾದರೂ ಬದುಕು ಮುಗಿಯದೆಂದು ನಂಬುವಂತೆ ಮಾಡಿದರೆ ಅಭಯದಾನ. ನಾಲ್ಕರಲ್ಲಿ ಇದೇ ಹಿರಿದು, ಇಂದು ನಾವು ಕೊಡುತ್ತಿರುವುದರಲ್ಲಿ ಇದೇ ಕಡಿಮೆ.

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗದ ಪೂಜೆ ಮಾಡುತ್ತೇವೆ. ಕಲಶದ ಸವಾಲು ಕೂಗುವ ಶ್ರಾವಕರು ಆ ಮೊತ್ತದ ಒಂದು ಪಾಲನ್ನು ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರಿನ ಇಂಥ ನಾಲ್ಕು ಮಕ್ಕಳಿಗೆ ಮೀಸಲಿಡಬಹುದಲ್ಲವೇ? ಜಾತಿ ಮತ ಕೇಳದೆ, ಹುಡುಗ ಹುಡುಗಿಯೆಂದು ಎಣಿಸದೆ ಕೊಡಬೇಕು. ಕೊಡುವಾಗ ನಮ್ಮ ಮಕ್ಕಳಿಗೆ ಹಿಡಿಯುವ ತಕ್ಕಡಿಯನ್ನೇ ಆ ಮಕ್ಕಳಿಗೂ ಹಿಡಿಯಬೇಕು. ಮುಂದೊಂದು ದಿನ ಅವರು ಗೆದ್ದು, ಗೆದ್ದುದರಲ್ಲಿ ಒಂದು ಪಾಲನ್ನು ತಾವಾಗಿಯೇ ಬಿಟ್ಟುಕೊಟ್ಟರೆ, ಅಂದು ಅಪರಿಗ್ರಹದ ಪಾಠವನ್ನು ನಾವು ಅವರಿಂದಲೇ ಕಲಿಯೋಣ.