ತಪ್ಪಿಗೆ ತಕ್ಕಷ್ಟು ಶಿಕ್ಷೆ

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿಯ ಪೋಸ್ಟರುಗಳು ಕಾಣಿಸಿಕೊಳ್ಳುತ್ತವೆ. ಬಹುಮಾನದ ಮೊತ್ತ, ಟ್ರೋಫಿ ಕೊಟ್ಟವರ ಫೋಟೊ, ಪ್ರವೇಶ ಶುಲ್ಕ ಎಲ್ಲ ದಪ್ಪಕ್ಷರದಲ್ಲಿ. ಕೆಳಗೆ ಸಣ್ಣದಾಗಿ ಒಂದು ಸಾಲು: ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬುದನ್ನು ಅಚ್ಚು ಹಾಕಿಸಿದ ಪೋಸ್ಟರನ್ನು ನಾನು ಇದುವರೆಗೆ ಕಂಡಿಲ್ಲ.

ಕನಕಪುರದ ಕಡೆ ನೋಡಿದ ಒಂದು ಪಂದ್ಯ ಇನ್ನೂ ಕಣ್ಣಮುಂದಿದೆ. ರೈಡರನ ಕಾಲು ಹಿಡಿದ ಹುಡುಗ ವಿಸಿಲ್ ಊದಿದ ಮೇಲೂ ಬಿಡದೆ ತಿರುಚಿದ. ಎರಡೂ ಕಡೆಯವರು ಒಳನುಗ್ಗಿದರು. ಸುಣ್ಣದ ಗೆರೆ ಕಾಲಡಿಯಲ್ಲಿ ಅಳಿಸಿಹೋಯಿತು. ಅಂಪೈರನ ಮುಂದಿದ್ದದ್ದು ಎರಡೇ ದಾರಿ: ಗದರಿಸಿ ಬಿಡುವುದು, ಇಲ್ಲವೇ ತಂಡವನ್ನೇ ವಜಾ ಮಾಡುವುದು. ಅದು ಪಂದ್ಯ ನಡೆಸುತ್ತಿದ್ದ ಊರಿನದೇ ತಂಡ. ಆತ ಗದರಿಸಿ ಬಿಟ್ಟ. ಮುಂದಿನ ರೈಡಿನಲ್ಲಿ ಎದುರು ತಂಡದವರೂ ಕಾಲು ತಿರುಚಿದರು.

ಶಿಕ್ಷೆ ಕಠಿಣವಾಗಿದ್ದರೆ ತಪ್ಪು ತಾನೇ ನಿಲ್ಲುತ್ತದೆ ಎನ್ನುವವರಿದ್ದಾರೆ. ಆ ರಾತ್ರಿ ನಾನು ಕಂಡದ್ದು ಬೇರೆ. ಶಿಕ್ಷೆ ಭಾರವಾದಷ್ಟೂ ಅದನ್ನು ಎತ್ತುವ ಕೈ ಹಿಂಜರಿಯುತ್ತದೆ. ಕೊನೆಗೆ ತಪ್ಪು ಮಾಡಿದವನಿಗೆ ಏನೂ ಆಗುವುದಿಲ್ಲ. ಚಿಕ್ಕದಾದರೂ ತಪ್ಪದೆ ಬೀಳುವ ಶಿಕ್ಷೆಗೇ ಆಟಗಾರ ಅಂಜುತ್ತಾನೆ. ಕಬಡ್ಡಿಯ ನಿಯಮ ಮಾಡಿದವರಿಗೆ ಇದು ಗೊತ್ತಿತ್ತು. ಹಸಿರು ಕಾರ್ಡ್ ಎಂದರೆ ಎಚ್ಚರಿಕೆ, ಹಳದಿ ಎಂದರೆ ಎರಡು ನಿಮಿಷ ಅಂಕಣದಿಂದ ಹೊರಗೆ, ಕೆಂಪು ಎಂದರೆ ಆ ಆಟಗಾರನ ಪಾಲಿಗೆ ಪಂದ್ಯವೇ ಮುಗಿಯಿತು. ಎರಡು ನಿಮಿಷ ಸಣ್ಣ ಶಿಕ್ಷೆಯಲ್ಲ. 30 ಸೆಕೆಂಡಿನ ರೈಡುಗಳ ಆಟದಲ್ಲಿ ಅಷ್ಟು ಹೊತ್ತು ಏಳು ಜನರ ತಂಡ ಆರೇ ಜನರಲ್ಲಿ ಆಡಬೇಕು. ಆದರೆ ಹಳದಿ ಕಾರ್ಡ್ ಕಂಡ ಹುಡುಗ ಮರಳಿ ಬರುತ್ತಾನೆ, ಆಟ ಮುಂದುವರಿಯುತ್ತದೆ.

ಅಳತೆ ಇದ್ದರಷ್ಟೇ ಸಾಲದು, ನಿಯಮ ಮೊದಲೇ ಎಲ್ಲರಿಗೂ ಒಂದೇ ಅರ್ಥದಲ್ಲಿ ತಿಳಿದಿರಬೇಕು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತ–ಇರಾನ್ ಪಂದ್ಯ ಬಹಳ ಹೊತ್ತು ನಿಂತೇಹೋಯಿತು. ಭಾರತದ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಲಾಬಿಗೆ ಕಾಲಿಟ್ಟಿದ್ದರು, ಹಿಂದೆಯೇ ಇರಾನಿನ ಆಟಗಾರರೂ ಲಾಬಿಗೆ ಬಂದಿದ್ದರು. ಹಳೆಯ ನಿಯಮದಂತೆ ಒಂದು ಲೆಕ್ಕ, ಹೊಸ ನಿಯಮದಂತೆ ಇನ್ನೊಂದು. ಭಾರತ 33–29ರಲ್ಲಿ ಚಿನ್ನ ಗೆದ್ದಿತಾದರೂ ಆ ಗೊಂದಲ ಎರಡೂ ತಂಡಗಳಿಗೆ ನ್ಯಾಯವಲ್ಲ.

ಈಗ ಸಂಜೆ ಕಬಡ್ಡಿ ಆಡುವ ಹುಡುಗರೇ ರಾತ್ರಿ ಮೊಬೈಲಿನಲ್ಲಿ ಬಿಜಿಎಂಐ ಆಟದ ಕಸ್ಟಮ್ ರೂಮಿಗೆ ಸೇರುತ್ತಾರೆ. ಆನ್‌ಲೈನ್‌ನಲ್ಲಿ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾಯ್ದೆಯೇ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಕ್ರೀಡೆ ಎಂದ ಮೇಲೆ ಅದರ ಶಿಕ್ಷೆಯೂ ಕ್ರೀಡೆಯದೇ ಆಗಿರಬೇಕು. ನಾಲ್ವರ ಸ್ಕ್ವಾಡ್‌ನಲ್ಲಿ ಒಬ್ಬ ಹ್ಯಾಕ್ ಬಳಸಿದರೆ ಉಳಿದ ಮೂವರಿಗೂ ಶಿಕ್ಷೆಯೇ? 2018ರಲ್ಲಿ ಶಾಂಘೈನ ಕೌಂಟರ್-ಸ್ಟ್ರೈಕ್ ಟೂರ್ನಿಯಲ್ಲಿ ಆಪ್ಟಿಕ್ ಇಂಡಿಯಾದ ಒಬ್ಬ ಆಟಗಾರ ಮೋಸದ ಸಾಫ್ಟ್‌ವೇರ್ ಸಮೇತ ಸಿಕ್ಕಿಬಿದ್ದ. ಅವನಿಗೆ ಐದು ವರ್ಷ ನಿಷೇಧವಾಯಿತು, ಅದು ಸರಿ. ಆದರೆ ತಂಡವೇ ವಿಸರ್ಜನೆಯಾಗಿ ಉಳಿದ ನಾಲ್ವರೂ ಬೀದಿಗೆ ಬಿದ್ದರು. ಮೋಸದಿಂದ ಬಂದ ಪಾಯಿಂಟನ್ನು ಇಡೀ ತಂಡ ಹಿಂದಿರುಗಿಸಲಿ. ಅದು ಯಾರದೂ ಅಲ್ಲದ ಗಳಿಕೆ. ಶಿಕ್ಷೆ ಮಾತ್ರ ಮಾಡಿದವನಿಗಿರಲಿ.

ಮಾಡಿದವನಿಗೂ ಅಳತೆ ಬೇಕು. 2020ರಲ್ಲಿ ಕೌಂಟರ್-ಸ್ಟ್ರೈಕ್ ಆಟದ ಒಂದು ದೋಷವನ್ನು ಬಳಸಿಕೊಂಡ 37 ಕೋಚ್‌ಗಳಿಗೆ ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ ನಿಷೇಧ ಹೇರಿತು. ಎಲ್ಲರನ್ನೂ ಒಂದೇ ಕೋಲಿನಿಂದ ಹೊಡೆಯಲಿಲ್ಲ. ಎಷ್ಟು ಸಲ, ಎಷ್ಟು ಹೊತ್ತು ಬಳಸಿದರೆಂದು ನೋಡಿತು. ತಾವಾಗಿಯೇ ಒಪ್ಪಿಕೊಂಡವರಿಗೆ ಅವಧಿ ಇಳಿಸಿತು. ತಪ್ಪೊಪ್ಪಿಗೆಗೆ ಬೆಲೆ ಇದ್ದರೆ ತಾನೇ ಒಪ್ಪಿಕೊಳ್ಳುವ ಧೈರ್ಯ ಬರುವುದು?

ಉದ್ದೇಶವನ್ನೂ ಕೇಳಬೇಕು. ಬೆಟ್ಟದ ಮರೆಯ ಹಳ್ಳಿಯಲ್ಲಿ ಕರೆಂಟ್ ಹೋಗಿ, ಟವರ್ ನಿಂತು ಪಂದ್ಯದಿಂದ ಕಳಚಿಕೊಂಡ ಹುಡುಗನೂ, ಸೋಲು ಕಂಡು ಬೇಕೆಂದೇ ಹೊರಬಿದ್ದವನೂ ಯಂತ್ರದ ಕಣ್ಣಿಗೆ ಒಂದೇ. ಮನುಷ್ಯರ ಕಣ್ಣಿಗೆ ಒಂದಾಗಬಾರದು. ಅದಕ್ಕೇ ‘ತೀರ್ಮಾನವೇ ಅಂತಿಮ’ ಎನ್ನುವ ಮೊದಲು ಹುಡುಗನ ಮಾತು ಕೇಳುವ ಒಂದು ಗಳಿಗೆ ಇರಬೇಕು.

ಪಂದ್ಯ ನಡೆಸುವ ಯುವಕ ಸಂಘದವರಲ್ಲಿ ಒಂದು ಬೇಡಿಕೆ. ಈ ಸಲ ಪೋಸ್ಟರಿನಲ್ಲಿ ಒಂದು ಫೋಟೊ ಕಡಿಮೆ ಮಾಡಿ. ಆ ಜಾಗದಲ್ಲಿ ಯಾವ ತಪ್ಪಿಗೆ ಏನು ಶಿಕ್ಷೆ, ಅದು ಎಷ್ಟು ಹೊತ್ತು, ಯಾರಲ್ಲಿ ಅಹವಾಲು ಹೇಳಬೇಕು ಎಂಬ ಮೂರು ಸಾಲು ಅಚ್ಚು ಹಾಕಿಸಿ. ಮೂರು ಬಣ್ಣದ ರಟ್ಟನ್ನು ಅಂಪೈರನ ಜೇಬಿಗಿಡಿ.