ಹಿಮವಿಲ್ಲದ ಊರಿನ ಹಿಮನಿರೋಧಕ



ಈ ಸಲ ನೆನಪಿನ ಮಾತಿಗಿಂತ ಜಗಳದ ಮಾತೇ ಹೆಚ್ಚಾಗಿದೆ, ಮನ್ನಿಸಿ. ಜಗಳ ಮೊದಲು ನನ್ನೊಡನೆಯೇ.

ಚೋರನೂರಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಾಲದಲ್ಲಿ ಒಂದು ಪಾಠವನ್ನು ನಾನು ಪ್ರತಿವರ್ಷವೂ ಅವಸರದಲ್ಲಿ ಮುಗಿಸುತ್ತಿದ್ದೆ. ನೀರಿನಲ್ಲಿ ಬೇರೊಂದು ವಸ್ತುವನ್ನು ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಇಳಿಯುತ್ತದೆ, ಕುದಿಯುವ ಉಷ್ಣತೆ ಏರುತ್ತದೆ ಎಂಬ ಪಾಠವದು. "ಚಳಿ ದೇಶಗಳಲ್ಲಿ ಎಂಜಿನ್ನಿನ ನೀರು ಹೆಪ್ಪುಗಟ್ಟದಿರಲೆಂದು ಎಥಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ನಮ್ಮ ಬಳ್ಳಾರಿ ಬಿಸಿಲಿಗೆ ಅದರ ಹಂಗಿಲ್ಲ" ಎಂದು ನಿಮ್ಮನ್ನು ನಗಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ನಿಮ್ಮಲ್ಲಿ ಹಲವರಿಗೆ ಅದು ನೆನಪಿದ್ದೀತು.

ಆ ನಗುವಿನ ಬೆಲೆ ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಟ್ರ್ಯಾಕ್ಟರ್ ರಿಪೇರಿ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿನ ಮುಂದೆ ಕುಳಿತಿದ್ದೆ. ಅವನು ರೇಡಿಯೇಟರಿನ ಅಡಿಯ ಬಿರಡೆ ತೆಗೆದ. ಹಸಿರು ದ್ರವ ನೆಲಕ್ಕೆ ಸುರಿದು ಚರಂಡಿಯತ್ತ ಹರಿಯಿತು. ನಾಯಿಯೊಂದು ಬಂದು ನೆಕ್ಕತೊಡಗಿತು. ಓಡಿಸೆಂದೆ. "ನೀರೇ ತಾನೇ ಸಾರ್, ಪಾಪ, ಬಾಯಾರಿದೆ, ಕುಡಿಯಲಿ ಬಿಡಿ" ಎಂದ. ಕರುಣೆಯಿಂದಲೇ ಆಡಿದ ಮಾತು. ನಾನೂ ಸುಮ್ಮನಾದೆ. ಸಂಜೆ ಆ ನಾಯಿ ಅಮಲೇರಿದಂತೆ ತೂರಾಡಿತು, ಮರುದಿನ ಚೇತರಿಸಿಕೊಂಡಂತೆ ಕಂಡಿತು, ಮೂರನೆಯ ದಿನ ಸತ್ತಿತು. ಯಾರೂ ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಕಾರಣ ಅದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅನಂತರ ಓದಿ ತಿಳಿದುಕೊಂಡಾಗ, ಪುಸ್ತಕದಲ್ಲಿದ್ದ ಲಕ್ಷಣಗಳು ಅದೇ ಕ್ರಮದಲ್ಲಿದ್ದವು.

ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಒಡೆದು ಕೊನೆಗೆ ಆಕ್ಸಾಲಿಕ್ ಆಮ್ಲವಾಗಿಸುತ್ತದೆ. ಆ ಆಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಹತ್ತು ಕಿಲೊ ತೂಕದ ನಾಯಿಯನ್ನು ಕೊಲ್ಲಲು ನೀರು ಬೆರೆಸದ ಗ್ಲೈಕಾಲ್ ಸುಮಾರು 50 ಮಿಲಿ ಲೀಟರ್ ಸಾಕು. ಬೆಕ್ಕಿಗೆ ಇನ್ನೂ ಕಡಿಮೆ ಸಾಕು. ಮನುಷ್ಯರಿಗೂ ಅದು ವಿಷವೇ. ಒಂದು ಟ್ರ್ಯಾಕ್ಟರಿನಲ್ಲಿ ಹತ್ತು ಲೀಟರಿನ ಆಸುಪಾಸು ಕೂಲೆಂಟ್ ಹಿಡಿಯುತ್ತದೆ, ಅದರಲ್ಲಿ ಅರ್ಧದಷ್ಟು ಗ್ಲೈಕಾಲ್ ಇರಬಹುದು. ಲೆಕ್ಕ ನೀವೇ ಹಾಕಿರಿ. ಸಾಲದ್ದಕ್ಕೆ, ವರ್ಷಗಟ್ಟಲೆ ಎಂಜಿನ್ನಿನಲ್ಲಿ ಸುತ್ತಿದ ದ್ರವದಲ್ಲಿ ತಾಮ್ರ, ಸೀಸದಂಥ ಲೋಹಗಳೂ ಸೇರಿಕೊಂಡಿರುತ್ತವೆ.

"ಹಿಮವಿಲ್ಲದ ಊರಿಗೆ ಇದೇಕೆ, ಬರಿಯ ನೀರೇ ಸಾಕು" ಎನ್ನುವವರಿದ್ದಾರೆ. ನನ್ನ ಹಳೆಯ ಪಾಠವೇ ಅವರ ಬಾಯಲ್ಲಿ ಮಾತಾಡುತ್ತಿದೆ! ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆತ ದ್ರವ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು ಎಂಬುದು ನಮಗೆ ಬೇಡದ ಗುಣವಿರಬಹುದು. ಆದರೆ ಅದು ಕುದಿಯುವುದು ಸುಮಾರು 107 ಡಿಗ್ರಿಗೆ ಎಂಬುದು ನಮಗೆ ಬೇಕಾದ ಗುಣ. ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಗಳೂ ಬೇಕು. ಕೊಳವೆಬಾವಿಯ ಗಡುಸು ನೀರನ್ನೇ ಸುರಿದರೆ ಒಳಗೆ ಗಾರೆಯಂತೆ ಪದರಗಟ್ಟುತ್ತದೆ. ಆದ್ದರಿಂದ ಕೂಲೆಂಟನ್ನು ಬಿಡಿರೆಂದು ನಾನು ಹೇಳುತ್ತಿಲ್ಲ, ಚೆಲ್ಲಬೇಡಿರೆಂದು ಹೇಳುತ್ತಿದ್ದೇನೆ.

"ಮಣ್ಣಿನಲ್ಲಿ ಕರಗಿಹೋಗುತ್ತದಲ್ಲ" ಎನ್ನುವುದು ಇನ್ನೊಂದು ವಾದ. ಅರ್ಧ ಸತ್ಯ. ಸೂಕ್ಷ್ಮಜೀವಿಗಳು ಗ್ಲೈಕಾಲನ್ನು ಕೆಲವು ದಿನಗಳಲ್ಲಿ, ವಾರಗಳಲ್ಲಿ ತಿಂದು ಮುಗಿಸುತ್ತವೆ. ಆದರೆ ಅಷ್ಟರೊಳಗೆ ನೆಕ್ಕಿದ ನಾಯಿಗೆ ಅದರಿಂದೇನು ಸಮಾಧಾನ? ನೀರಿಗೆ ಸೇರಿದರೆ, ಆ ಜೀವಿಗಳು ನೀರಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಲೋಹಗಳಂತೂ ಕರಗಿ ಮಾಯವಾಗುವುದಿಲ್ಲ.

ಮೂರನೆಯದು ದೊಡ್ಡವರ ಕಡೆ ಬೆರಳು ತೋರುವ ವಾದ. "ಅದಿರಿನ ಲಾರಿಗಳು ಸಂಡೂರಿನ ಗುಡ್ಡಗಳನ್ನೇ ಅಗೆದು ಹೊತ್ತೊಯ್ದಾಗ ಸುಮ್ಮನಿದ್ದವರು, ನಮ್ಮ ಎರಡು ಬಕೆಟ್ ನೀರಿಗೆ ಗದ್ದಲ ಮಾಡುತ್ತೀರಾ?" ಎಂದು ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟು ಬೇಕಾಯಿತು. ನಮ್ಮ ಬಕೆಟ್ಟನ್ನು ನಿಲ್ಲಿಸಲು ನಮ್ಮ ಕೈ ಸಾಕಲ್ಲವೇ? ದೊಡ್ಡವರ ತಪ್ಪು ಚಿಕ್ಕವರಿಗೆ ಪರವಾನಗಿಯಾಗಲಾರದು.

ಇನ್ನು ಮೂಲಕ್ಕೆ ಬರೋಣ. ಅದೇ ಗ್ಯಾರೇಜಿನಲ್ಲಿ ಹಳೆಯ ಎಂಜಿನ್ ಆಯಿಲಿನ ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ, ಡ್ರಮ್ಮಿಗೆ ಹೋಗುತ್ತದೆ. ಏಕೆಂದರೆ ಕೊಳ್ಳುವವನಿದ್ದಾನೆ. ಹಳೆಯ ಬ್ಯಾಟರಿಯನ್ನು ಯಾರೂ ಎಸೆಯುವುದಿಲ್ಲ. ಮಾರಿದ ಅಂಗಡಿಯೇ ಹಳೆಯದನ್ನು ವಾಪಸು ಪಡೆಯಬೇಕೆಂದು 2001ರಲ್ಲೇ ನಿಯಮವಾಗಿತ್ತು, 2022ರ ಹೊಸ ನಿಯಮ ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಕೂಲೆಂಟಿಗೆ ಮಾತ್ರ ಬೆಲೆಯಿಲ್ಲ, ಕೊಳ್ಳುವವನಿಲ್ಲ. ಅಂದಮೇಲೆ ನಮ್ಮ ಶುಚಿತ್ವವೆಲ್ಲ ಹಣದ ಶುಚಿತ್ವವೆಂದಾಯಿತು! ಹೊಸ ಡಬ್ಬಿ ಮಾರುವವರು ಹಳೆಯದನ್ನು ವಾಪಸು ಪಡೆಯಲಿ ಎಂಬುದೇ ನನ್ನ ಬೇಡಿಕೆ. ಕಹಿಯನ್ನಾದರೂ ಬೆರೆಸಲಿ. ಅಮೆರಿಕದಲ್ಲಿ ತಯಾರಕರು 2012ರಲ್ಲಿ ಎಲ್ಲ ರಾಜ್ಯಗಳಲ್ಲೂ ಕಹಿ ಬೆರೆಸಲು ಒಪ್ಪಿದರು. ಅಲ್ಲಿನ ನಾಯಿಗಳಿಗಿರುವ ರಕ್ಷಣೆ ನಮ್ಮ ನಾಯಿಗಳಿಗೇಕೆ ಬೇಡ?

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಇಷ್ಟು. ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ಮುಚ್ಚಳ ತೆಗೆಯಿರಿ. ಕೆಳಗೆ ಅಗಲವಾದ ಬೋಗುಣಿ ಇಡಿರಿ. ಗಟ್ಟಿ ಮುಚ್ಚಳದ ಕ್ಯಾನಿಗೆ ತುಂಬಿ "ವಿಷ" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಬೇಡಿರಿ. ಹಳೆಯ ಎಣ್ಣೆಯೊಂದಿಗೆ ಬೆರೆಸಿದರೆ ಎರಡೂ ಕೆಡುತ್ತವೆ. ಚೆಲ್ಲಿದ ಕಡೆ ಮಣ್ಣೋ ಮರದ ಹೊಟ್ಟೋ ಹಾಕಿ ಬಳಿದು ತೆಗೆಯಿರಿ. ಕ್ಯಾನು ತುಂಬಿದಾಗ ಪೇಟೆಯ ದೊಡ್ಡ ವರ್ಕ್‌ಶಾಪಿಗೆ ಒಯ್ದು, ಅಪಾಯಕಾರಿ ತ್ಯಾಜ್ಯದೊಡನೆ ಕಳುಹಿಸಿರೆಂದು ಕೇಳಿರಿ. ಬೇಡವೆಂದರೆ ಮತ್ತೆ ಕೇಳಿರಿ.

ಆ ಶಿಷ್ಯ ಈಗ ಬೋಗುಣಿ ಇಡುತ್ತಾನೆ. "ಇದನ್ನು ಕ್ಲಾಸಿನಲ್ಲೇ ಹೇಳಬಹುದಿತ್ತಲ್ಲ ಸಾರ್" ಎಂದ. ಹೌದು, ಹೇಳಬಹುದಿತ್ತು. ಎಂಜಿನ್ನಿನೊಳಗೆ ಹೋಗುವುದನ್ನು ಕಲಿಸಿ, ಹೊರಬಂದದ್ದು ಎಲ್ಲಿಗೆ ಹೋಗಬೇಕೆಂದು ಕಲಿಸದೆ ಪಾಠವನ್ನು ಅರ್ಧಕ್ಕೇ ಬಿಟ್ಟಿದ್ದೆ. ಉಳಿದರ್ಧವನ್ನು ಇಂದು ಒಪ್ಪಿಸಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ.