ಫ್ಯಾನಿನ ಸದ್ದಿಗೆ ಕಿವಿಗೊಡೋಣ

ಮನೆಯಲ್ಲೊಂದು ಲ್ಯಾಪ್‌ಟಾಪ್ ಇರುವುದು ಇಂದು ಸಿರಿವಂತಿಕೆಯ ಲಕ್ಷಣವಾಗಿ ಉಳಿದಿಲ್ಲ. ಅಡಿಕೆ ತೋಟದ ಮನೆಯಲ್ಲೂ ಅದಿದೆ, ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಮನೆಯಲ್ಲೂ ಇದೆ. ಕೆಲವರಿಗೆ ಗಲ್ಫಿನಲ್ಲಿರುವ ಅಣ್ಣನೋ ಮಾವನೋ ತಂದುಕೊಟ್ಟದ್ದು. ಕೆಲವರು ಕಂತಿನಲ್ಲಿ ಕೊಂಡದ್ದು. ಅದರೊಡನೆ ಒಂದು ದೂರೂ ಮನೆಮನೆಗೆ ಬಂದಿದೆ. “ಫ್ಯಾನು ಒಮ್ಮೆ ಜೋರಾಗಿ ತಿರುಗುತ್ತದೆ, ನಿಲ್ಲುತ್ತದೆ, ಎರಡು ನಿಮಿಷ ಕಳೆಯುವುದರೊಳಗೆ ಮತ್ತೆ ತಿರುಗುತ್ತದೆ. ಯಂತ್ರ ಹಾಳಾಯಿತೇ?” ಎಂದು ಹೆತ್ತವರು ಕೇಳುತ್ತಾರೆ. ಇದಕ್ಕೆ ಊರಲ್ಲಿ ಮೂರು ಬಗೆಯ ಸಲಹೆಗಳು ಸಿಗುತ್ತವೆ. ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳಿ ಎಂಬುದು ಒಂದು. ಹೇಗಾದರೂ ಮಾಡಿ ಫ್ಯಾನನ್ನು ನಿಲ್ಲಿಸಿಬಿಡಿ ಎಂಬುದು ಇನ್ನೊಂದು. ಗೊತ್ತಿಲ್ಲದ ವಸ್ತುವಿನ ಗೊಡವೆ ಬೇಡ, ಇದ್ದ ಹಾಗೆ ಇರಲಿ ಎಂಬುದು ಮೂರನೆಯದು. ಈ ಮೂರೂ ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಫ್ಯಾನಿನ ಸದ್ದು ರೋಗವಲ್ಲ, ರೋಗವಿದ್ದರೆ ಅದನ್ನು ತಿಳಿಸುವ ಲಕ್ಷಣ. ಆ ಲಕ್ಷಣವನ್ನು ಓದಲು ಕಲಿತರೆ ಹಣವೂ ಉಳಿಯುತ್ತದೆ, ವಿಜ್ಞಾನದ ಒಂದು ಒಳ್ಳೆಯ ಪಾಠವೂ ಆಗುತ್ತದೆ.

ಮೊದಲು ಒಳಗಿನ ವ್ಯವಸ್ಥೆಯನ್ನು ತಿಳಿಯೋಣ. ಲೆಕ್ಕ ಮಾಡುವ ಪ್ರತಿ ಯಂತ್ರವೂ ಬಿಸಿಯಾಗುತ್ತದೆ. 1946ರಲ್ಲಿ ಅಮೆರಿಕದಲ್ಲಿ ಪ್ರದರ್ಶಿಸಲ್ಪಟ್ಟ ‘ಎನಿಯಾಕ್’ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದುವು. ಅದು ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರುತ್ತಿದ್ದುದರಿಂದ ಅದನ್ನು ತಣಿಸಲು ದೊಡ್ಡ ಗಾಳಿಯಂತ್ರಗಳೇ ಬೇಕಾಗಿದ್ದುವು. ಇಂದಿನ ಲ್ಯಾಪ್‌ಟಾಪಿನ ಪ್ರೊಸೆಸರ್ ಉಗುರಿನಗಲದ ಒಂದು ತುಣುಕು. ಅದರ ಬೆನ್ನಿಗೆ ಅಂಟಿಕೊಂಡು ಒಂದು ಚಪ್ಪಟೆಯಾದ ತಾಮ್ರದ ಕೊಳವೆ ಇರುತ್ತದೆ. ಕೊಳವೆಯೊಳಗಿನ ಸ್ವಲ್ಪವೇ ದ್ರವವು ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ದ್ರವವಾಗಿ, ಶಾಖವನ್ನು ಹೊತ್ತೊಯ್ಯುತ್ತದೆ. ಆ ತಂಪು ತುದಿಯಲ್ಲಿ ತೆಳುವಾದ ಲೋಹದ ಎಸಳುಗಳಿವೆ. ಫ್ಯಾನು ಕೆಳಗಿನ ಕಿಂಡಿಗಳಿಂದ ಗಾಳಿಯನ್ನು ಎಳೆದು, ಈ ಎಸಳುಗಳ ನಡುವೆ ನುಗ್ಗಿಸಿ, ಪಕ್ಕದಿಂದಲೋ ಹಿಂದಿನಿಂದಲೋ ಹೊರಕ್ಕೆ ತಳ್ಳುತ್ತದೆ. ಗದ್ದೆಯಲ್ಲಿ ದುಡಿಯುವವನು ಬೆವರಿದರೆ ಅವನಿಗೆ ಕಾಯಿಲೆ ಎಂದು ನಾವು ಹೇಳುವುದಿಲ್ಲ. ಲ್ಯಾಪ್‌ಟಾಪಿನ ಫ್ಯಾನೂ ಹಾಗೆಯೇ.

ಹಾಗಾದರೆ ಅದು ತಿರುಗುತ್ತಲೇ ಇರಬಾರದೇಕೆ? ಮತ್ತೆ ಮತ್ತೆ ನಿಲ್ಲುವುದೇಕೆ? ಇದಕ್ಕೆ ಉತ್ತರ ನಮ್ಮ ಇಸ್ತ್ರಿಪೆಟ್ಟಿಗೆಯಲ್ಲೇ ಇದೆ. ಅದರ ಪುಟ್ಟ ದೀಪ ಹತ್ತುವುದನ್ನೂ ಆರುವುದನ್ನೂ ನೋಡಿದ್ದೀರಷ್ಟೆ? ಕಾವು ಒಂದು ಮಟ್ಟಕ್ಕೆ ಏರಿದಾಗ ವಿದ್ಯುತ್ತು ನಿಲ್ಲುತ್ತದೆ, ಇಳಿದಾಗ ಮತ್ತೆ ಹರಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ತಾಪವನ್ನು ಅಳೆಯುವ ಪುಟ್ಟ ಸಾಧನಗಳಿವೆ. ಉದಾಹರಣೆಗೆ, 55 ಡಿಗ್ರಿಗೆ ಏರಿದರೆ ಫ್ಯಾನು ತಿರುಗಲಿ, 50ಕ್ಕೆ ಇಳಿದರೆ ನಿಲ್ಲಲಿ ಎಂಬ ಕಟ್ಟಳೆ ಇದೆ ಎನ್ನಿ. ಯಂತ್ರ 52, 53ರ ಆಸುಪಾಸಿನಲ್ಲೇ ಇದ್ದರೆ ಒಂದು ಸಣ್ಣ ಕೆಲಸ ಬಂದೊಡನೆ 55ನ್ನು ದಾಟುತ್ತದೆ, ಫ್ಯಾನು ಬೀಸಿದೊಡನೆ 50ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಎಂದರೆ ಫ್ಯಾನು ಕೆಟ್ಟಿಲ್ಲ, ಯಂತ್ರವು ಗೆರೆಯ ಮೇಲೆ ನಿಂತಿದೆ. ಅದನ್ನು ಆ ಗೆರೆಯ ಬಳಿಗೆ ತಂದು ನಿಲ್ಲಿಸಿದ್ದು ಯಾವುದು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಒಂದು ಕಾರಣ ನಮ್ಮ ಹವೆಯೇ. ವಸ್ತುವಿಗೂ ಸುತ್ತಲಿನ ಗಾಳಿಗೂ ಇರುವ ತಾಪದ ಅಂತರ ಹೆಚ್ಚಿದ್ದಷ್ಟೂ ವಸ್ತು ಬೇಗ ತಣಿಯುತ್ತದೆ ಎಂದು ನ್ಯೂಟನ್ 1701ರಲ್ಲಿ ಪ್ರಕಟಿಸಿದನು. ಲೋಹದ ಎಸಳುಗಳು 60 ಡಿಗ್ರಿ ಇವೆಯೆಂದಿಟ್ಟುಕೊಳ್ಳಿ. ಕೋಣೆ 24 ಡಿಗ್ರಿ ಇದ್ದರೆ ಅಂತರ 36. ಕಾಸರಗೋಡಿನ ಏಪ್ರಿಲ್ ತಿಂಗಳ 34 ಡಿಗ್ರಿಯ ಮಧ್ಯಾಹ್ನದಲ್ಲಿ ಅಂತರ ಕೇವಲ 26. ಅದೇ ಫ್ಯಾನು, ಅದೇ ವೇಗ. ಆದರೆ ಹೊರಹೋಗುವ ಶಾಖ ನಾಲ್ಕರಲ್ಲಿ ಒಂದು ಪಾಲಿಗೂ ಮಿಕ್ಕಿ ಕಡಿಮೆ. ಆದುದರಿಂದ ಬೇಸಗೆಯಲ್ಲಿ ಫ್ಯಾನು ಹೆಚ್ಚು ದುಡಿದರೆ ಗಾಬರಿಪಡಬೇಕಾಗಿಲ್ಲ. ಮಳೆಗಾಲದ ತಂಪು ರಾತ್ರಿಯಲ್ಲೂ, ಏನೂ ಕೆಲಸವಿಲ್ಲದಾಗಲೂ ಅದು ಹಾಗೆಯೇ ಮಾಡುತ್ತಿದ್ದರೆ ಮಾತ್ರ ಹುಡುಕಾಟ ಆರಂಭವಾಗಬೇಕು.

ಹುಡುಕಾಟವನ್ನು ಖರ್ಚಿಲ್ಲದ ಕಡೆಯಿಂದ ತೊಡಗಬೇಕು. ಮೊದಲು ನೋಡಬೇಕಾದದ್ದು ಯಂತ್ರವನ್ನು ಇಟ್ಟ ಜಾಗ. ಹಾಸಿಗೆಯ ಮೇಲೆ, ದಿಂಬಿನ ಮೇಲೆ, ಮಡಿಲಲ್ಲಿ ಇಟ್ಟು ಓದುವ ಅಭ್ಯಾಸ ನಮ್ಮ ಮಕ್ಕಳಿಗಿದೆ. ಬಟ್ಟೆಯು ಕೆಳಗಿನ ಕಿಂಡಿಗಳನ್ನು ಮುಚ್ಚಿದರೆ ಫ್ಯಾನು ಎಷ್ಟು ತಿರುಗಿದರೂ ಎಳೆಯಲು ಗಾಳಿಯಿರುವುದಿಲ್ಲ. ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಬದಿಯನ್ನು ಎರಡು ಬೆರಳಿನಷ್ಟು ಎತ್ತರಿಸಿ ಅರ್ಧ ಗಂಟೆ ಗಮನಿಸಿರಿ. ದೂರುಗಳಲ್ಲಿ ಕೆಲವು ಇಲ್ಲಿಗೇ ಮುಗಿಯುತ್ತವೆ.

ಎರಡನೆಯದು, ನಮಗೆ ಕಾಣದಂತೆ ನಡೆಯುವ ಕೆಲಸಗಳು. ಪರದೆಯ ಮೇಲೆ ಏನೂ ಇಲ್ಲದಿದ್ದರೂ ಒಳಗೆ ವೈರಸ್ ತಪಾಸಣೆ, ಹೊಸ ಆವೃತ್ತಿಯ ಇಳಿಸುವಿಕೆ, ಕಡತಗಳ ಪಟ್ಟಿ ತಯಾರಿ ನಡೆಯುತ್ತಿರಬಹುದು. ವಿಂಡೋಸ್ ಇರುವ ಯಂತ್ರದಲ್ಲಿ ‘ಟಾಸ್ಕ್ ಮ್ಯಾನೇಜರ್’, ನಮ್ಮ ಶಾಲೆಗಳಲ್ಲಿರುವ ಉಬುಂಟು ಆಧಾರಿತ ಯಂತ್ರದಲ್ಲಿ ‘ಸಿಸ್ಟಮ್ ಮಾನಿಟರ್’ ತೆರೆದರೆ ಪ್ರೊಸೆಸರನ್ನು ಯಾವ ಕೆಲಸ ಎಷ್ಟು ಬಳಸುತ್ತಿದೆ ಎಂಬುದು ಅಂಕೆಗಳಲ್ಲಿ ಕಾಣುತ್ತದೆ. ಅಪ್‌ಡೇಟ್ ಆಗಿದ್ದರೆ ಒಂದೆರಡು ಗಂಟೆ ಬಿಟ್ಟು ಅದನ್ನು ಪೂರ್ತಿಯಾಗಲು ಬಿಡಬೇಕು. ಬ್ರೌಸರಿನಲ್ಲಿ ತೆರೆದಿಟ್ಟು ಮರೆತ ಇಪ್ಪತ್ತು ಪುಟಗಳಾಗಿದ್ದರೆ ಮುಚ್ಚಬೇಕು. ಇನ್ನೊಂದು ಸುಲಭ ಪರೀಕ್ಷೆಯುಂಟು: ಚಾರ್ಜರನ್ನು ತೆಗೆದು ನೋಡಿರಿ. ಬ್ಯಾಟರಿಯಲ್ಲಿ ನಡೆಯುವಾಗ ಫ್ಯಾನು ಶಾಂತವಾದರೆ, ವಿದ್ಯುತ್ ಬಳಕೆಯ ‘ಪವರ್ ಮೋಡ್’ ಅತಿ ವೇಗಕ್ಕೆ ನಿಂತಿರಬಹುದು. ಅದನ್ನು ಮಧ್ಯಮಕ್ಕೆ ಇಳಿಸಿದರೆ ಸಾಕಾದೀತು. ಒಮ್ಮೆಗೆ ಒಂದೇ ಬದಲಾವಣೆ ಮಾಡಬೇಕೆಂಬುದನ್ನು ಮರೆಯಬಾರದು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

ಮೂರನೆಯದು ಧೂಳು. ನಮ್ಮ ಮುರಕಲ್ಲಿನ ನಾಡಿನ ಕೆಂಪು ಧೂಳೂ ಬಟ್ಟೆಯ ನವಿರು ಎಳೆಗಳೂ ಆ ಲೋಹದ ಎಸಳುಗಳ ಬಾಯಲ್ಲಿ ಸೇರಿ ವರ್ಷಗಳಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಡಬ್ಬಿಯಲ್ಲಿ ಸಿಗುವ ಒತ್ತಿದ ಗಾಳಿಯನ್ನು ಕಿಂಡಿಗಳಿಗೆ ಚಿಕ್ಕ ಚಿಕ್ಕದಾಗಿ ಊದಬೇಕು. ಒಂದೇ ಸಮನೆ ಊದಿದರೆ ಫ್ಯಾನು ಮಿತಿಮೀರಿ ತಿರುಗಿ ಅದರ ಬೇರಿಂಗ್ ಕೆಡಬಹುದು. ಬಾಯಿಂದ ಊದಬಾರದು, ಉಗುಳಿನ ತೇವ ಒಳಹೋಗುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರವನ್ನೂ ಹಿಡಿಯಬಾರದು, ಅದರಿಂದ ಹುಟ್ಟುವ ಸ್ಥಾಯೀ ವಿದ್ಯುತ್ತು ಸೂಕ್ಷ್ಮ ಭಾಗಗಳಿಗೆ ಅಪಾಯ.

ಇಲ್ಲಿಗೆ ಮಕ್ಕಳ ಕೈಯಲ್ಲಾಗುವ ಕೆಲಸ ಮುಗಿಯಿತು. ಇದಾದ ಮೇಲೂ ಫ್ಯಾನು ಬಿಡದಿದ್ದರೆ ಬಲ್ಲವರ ಬಳಿಗೆ ಒಯ್ಯಬೇಕು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಬಳಿದ, ಶಾಖ ದಾಟಿಸುವ ಲೇಪವು ವರ್ಷಗಳು ಕಳೆದಂತೆ ಒಣಗುತ್ತದೆ. ಹಳೆಯದನ್ನು ಒರೆಸಿ ಹೊಸದನ್ನು ಹಚ್ಚಿದರೆ ಯಂತ್ರ ಮತ್ತೆ ತಂಪಾಗುತ್ತದೆ. ಗರಗರ ಸದ್ದಿದ್ದರೆ ಫ್ಯಾನಿನ ಬೇರಿಂಗ್ ಸವೆದಿದೆ. ಫ್ಯಾನನ್ನು ಮಾತ್ರ ಬದಲಿಸಬಹುದು, ಇಡೀ ಯಂತ್ರವನ್ನಲ್ಲ. ಆದರೆ ಕೀಬೋರ್ಡಿನ ಕೆಳಭಾಗ ಉಬ್ಬಿಕೊಂಡಿದ್ದರೆ ಅದು ಬ್ಯಾಟರಿಯ ಊತ. ಆಗ ಚಾರ್ಜ್ ಮಾಡದೆ, ಒತ್ತದೆ, ಚುಚ್ಚದೆ ಕೂಡಲೇ ಬಳಕೆಯನ್ನು ನಿಲ್ಲಿಸಬೇಕು. ಅದಕ್ಕೆ ಬೆಂಕಿ ಹಿಡಿಯುವ ಸಾಧ್ಯತೆಯಿದೆ.

ಫ್ಯಾನನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯನ್ನು ಈಗ ತೂಗಿ ನೋಡಿರಿ. ಅನೇಕ ಪ್ರೊಸೆಸರುಗಳು ಸುಮಾರು 100 ಡಿಗ್ರಿ ಸಮೀಪಿಸಿದಾಗ ತಮ್ಮನ್ನು ಉಳಿಸಿಕೊಳ್ಳಲು ವೇಗವನ್ನು ತಾವೇ ತಗ್ಗಿಸುತ್ತವೆ; ಕೊನೆಗೆ ಯಂತ್ರ ಆರಿಹೋಗುತ್ತದೆ. ಆಗ ಮನೆಯವರು “ಇದು ನಿಧಾನವಾಯಿತು, ಇನ್ನು ಬೇಡ” ಎನ್ನುತ್ತಾರೆ. ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡ ಹಾಗಾಯಿತು.

ಮಕ್ಕಳು ಮುಟ್ಟಿ ಹಾಳುಮಾಡಿಯಾರು ಎಂಬ ಹೆತ್ತವರ ಅಂಜಿಕೆ ಸಹಜವೇ. ದುಡಿದ ದುಡ್ಡಿನ ವಸ್ತು ಅದು. ಆದರೆ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಒಂದು ಸ್ಕ್ರೂವನ್ನೂ ಬಿಚ್ಚಬೇಕಾಗಿಲ್ಲ. ನೋಡುವುದು, ಕೇಳುವುದು, ಬರೆದಿಡುವುದು, ಇವಿಷ್ಟೇ. ಬಿಚ್ಚುವ ಕೆಲಸ ಕಲಿತವರಿಗಿರಲಿ. ಬರೆದ ಚೀಟಿಯನ್ನು ಹಿಡಿದು ಅಂಗಡಿಗೆ ಹೋದ ಮನೆಗೂ, “ಏನೋ ಆಗಿದೆ” ಎಂದು ಹೋದ ಮನೆಗೂ ಬಿಲ್ಲಿನಲ್ಲೇ ವ್ಯತ್ಯಾಸ ಕಾಣಬಹುದು. ಏನಾಗಿದೆಯೆಂದು ತಿಳಿಯದವನು ಹೇಳಿದ ಬೆಲೆಯನ್ನು ಕೊಟ್ಟು ಬರಬೇಕಾಗುತ್ತದೆ.

ಕನ್ನಡ ಕಲಿಸುವ ನಮಗೇಕೆ ಯಂತ್ರದ ವಿಚಾರ ಎಂದು ಕೇಳುವವರೂ ಇದ್ದಾರೆ. ನಮ್ಮ ಮಗು ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಆಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಪೇಟೆಯ ಅಂಗಡಿಯಲ್ಲಿ ಮಲಯಾಳ ಕೇಳುತ್ತದೆ, ಪರದೆಯ ಮೇಲೆ ಇಂಗ್ಲಿಷ್ ನೋಡುತ್ತದೆ. ಇಷ್ಟು ಭಾಷೆಗಳ ನಡುವೆ ‘ಏಕೆ’ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಯಾವ ಭಾಷೆಯಲ್ಲೂ ಅದಕ್ಕೆ ಸಿಗದೆ ಹೋಗಬಹುದು. ಉಷ್ಣ ಬೇರೆ, ತಾಪ ಬೇರೆ ಎಂದು ಪಾಠದಲ್ಲಿ ಬಾಯಿಪಾಠ ಮಾಡಿದ ಹುಡುಗಿಗೆ, ಉಷ್ಣವು ಕೊಳವೆಯಲ್ಲಿ ಸಾಗುವುದನ್ನೂ ತಾಪವು ಅಂಕೆಯಾಗಿ ಏರಿಳಿಯುವುದನ್ನೂ ಒಂದೇ ಯಂತ್ರದಲ್ಲಿ ತೋರಿಸಬಹುದು. ಆಗ ಪಾಠದ ಮಾತು ಅವಳ ಸ್ವಂತದ್ದಾಗುತ್ತದೆ. ಭಾಷೆ ಪರೀಕ್ಷೆಯ ಅಂಕಗಳಿಗೆ ಮಾತ್ರವಲ್ಲ, ಬದುಕಿನ ಕೆಲಸಕ್ಕೂ ಒದಗಬೇಕು.

ನಮ್ಮ ರಾಜ್ಯದಲ್ಲಿ 2018ರ ಜನವರಿಯಲ್ಲಿ ವಿಧ್ಯುಕ್ತವಾಗಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯ ಗುರಿ 45,000 ತರಗತಿಗಳಾಗಿದ್ದುವು. ಆ ದಿನಗಳಲ್ಲಿ ಶಾಲೆಗಳಿಗೆ ಬಂದ ಲ್ಯಾಪ್‌ಟಾಪುಗಳಿಗೆ ಈಗ ಪ್ರಾಯ ಸಂದಿದೆ. ಅವುಗಳಲ್ಲಿ ಇನ್ನೂ ಕೆಲಸ ಮಾಡಬಲ್ಲವು ಮೂಲೆ ಸೇರುವುದಕ್ಕೆ ಮುನ್ನ ನಾವು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಪ್ರತಿ ಯಂತ್ರದ ಬಳಿ ನಲವತ್ತು ಪುಟದ ಒಂದು ನೋಟುಪುಸ್ತಕವಿರಲಿ. ದಿನಾಂಕ, ಕೋಣೆಯ ತಾಪ, ತೆರೆದಿದ್ದ ಕೆಲಸ, ಹತ್ತು ನಿಮಿಷದಲ್ಲಿ ಫ್ಯಾನು ಎಷ್ಟು ಬಾರಿ ತಿರುಗಿ ನಿಂತಿತು, ಇವನ್ನು ಸರದಿಯಂತೆ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆಯಲಿ. ಹೆತ್ತವರೂ ಮನೆಯಲ್ಲಿ ಒಂದು ವಾರ ಇದನ್ನು ಮಾಡಿಸಲಿ. ಅನಂತರ ಅಂಗಡಿಯ ಮಾತು.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಯಂತ್ರಗಳು ಬರುತ್ತವೆ, ಇದಕ್ಕಿಂತ ಜೋರಾಗಿ ಸದ್ದು ಮಾಡುವ ತೊಂದರೆಗಳೂ ಬರುತ್ತವೆ. ಸದ್ದನ್ನು ಅಡಗಿಸುವ ಮೊದಲು ಅದರ ಕಾರಣವನ್ನು ಕೇಳುವ ಅಭ್ಯಾಸ ನಿಮ್ಮದಾಗಲಿ ಎಂಬುದೇ ನಮ್ಮ ಹಾರೈಕೆ.